ಎರಡು ತುಕಡಿ ಒಂದಾದಾಗ: ಮೇಜಿನ ಮೇಲಿನ ಯುದ್ಧದಾಟದ ಒಂದು ನಿಯಮದ ಚರಿತ್ರೆ

ಚದುರಂಗವನ್ನು ಅರಿಯದ ಕನ್ನಡಿಗರು ಕಡಿಮೆ. ರಥ, ಗಜ, ತುರಗ, ಪದಾತಿ ಎಂಬ ನಾಲ್ಕು ಅಂಗಗಳ ಸೇನೆಯಿಂದಲೇ ಆಟಕ್ಕೆ ಆ ಹೆಸರು ಬಂದಿತೆಂಬುದೂ ಎಲ್ಲರಿಗೂ ತಿಳಿದದ್ದೇ. ಆದರೆ ಆ ಆಟದ ಒಂದು ವಿಶೇಷವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಎಂಟು ಕಾಲಾಳುಗಳಿದ್ದರೂ ಅವು ಎಂದಿಗೂ ಒಂದು ದಳವಾಗುವುದಿಲ್ಲ. ಒಂದು ಮನೆಯಲ್ಲಿ ಎರಡು ಕಾಯಿ ನಿಲ್ಲುವಂತಿಲ್ಲ. ಕ್ಯಾಸ್ಲಿಂಗ್ ಒಂದನ್ನು ಬಿಟ್ಟರೆ ಒಂದು ಸರದಿಗೆ ಒಂದೇ ಕಾಯಿ ನಡೆಯಬೇಕು. ಪಕ್ಕದ ಕಾಲಾಳು ಸತ್ತರೆ ಉಳಿದವನಿಗೆ ಭಯವೂ ಇಲ್ಲ, ದುಃಖವೂ ಇಲ್ಲ.

ನಿಜವಾದ ಸೇನೆ ಹಾಗಲ್ಲ. ಅಲ್ಲಿ ಹತ್ತು ಜನ ಸೇರಿದರೆ ತುಕಡಿ, ಕೆಲವು ತುಕಡಿಗಳು ಸೇರಿದರೆ ಪ್ಲಟೂನ್, ಅದಕ್ಕೂ ಮೇಲೆ ಕಂಪನಿ, ಬೆಟಾಲಿಯನ್. ಯುದ್ಧದಲ್ಲಿ ಜನ ಸವೆದಾಗ ಅಳಿದುಳಿದ ಎರಡು ತುಕಡಿಗಳನ್ನು ಕೂಡಿಸಿ ಒಂದು ಮಾಡುವುದೂ ಉಂಟು. ಹೀಗೆ ಕೂಡಿಸಿದಾಗ ಮೂರು ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಯಾರ ಅಪ್ಪಣೆ ನಡೆಯಬೇಕು? ಒಬ್ಬರು ಬೆದರಿ ಓಡಿದರೆ ಎಲ್ಲರೂ ಓಡುವರೇ? ಇವರನ್ನು ಒಂದೆಂದು ಎಣಿಸಬೇಕೇ, ಎರಡೆಂದು ಎಣಿಸಬೇಕೇ? ಅಪ್ಪಣೆ, ಅಂಜಿಕೆ, ಎಣಿಕೆ ಎಂಬ ಈ ಮೂರು ಪ್ರಶ್ನೆಗಳಿಗೆ ಮೇಜಿನ ಮೇಲೆ ಗೊಂಬೆ ಸಿಪಾಯಿಗಳನ್ನಿಟ್ಟು ಆಡುವವರು ಇನ್ನೂರು ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದ್ದಾರೆ. ಆಟವೆಂದು ತಳ್ಳಿಹಾಕದೆ ಆ ಉತ್ತರಗಳನ್ನು ಒಮ್ಮೆ ನೋಡುವುದು ಉಪಯುಕ್ತವೆಂದು ನಮ್ಮ ಭಾವನೆ.

ಚದುರಂಗದ ಮಣೆಯನ್ನು ಹಿಗ್ಗಿಸಿ ಯುದ್ಧಭೂಮಿಯನ್ನಾಗಿ ಮಾಡಲು ಹೊರಟವರಲ್ಲಿ ಮೊದಲ ಹೆಸರು ಜರ್ಮನಿಯ ಬ್ರನ್ಸ್‌ವಿಕ್ಕಿನ ಹೆಲ್ವಿಗ್ ಎಂಬಾತನದು. ಈತ ಗಣಿತದ ಅಧ್ಯಾಪಕ. ೧೭೮೦ರಲ್ಲಿ ಈತ ಪ್ರಕಟಿಸಿದ ಆಟದ ಮಣೆಯಲ್ಲಿ ೧೬೧೭ ಮನೆಗಳಿದ್ದವು. ಬೆಟ್ಟ, ಕಾಡು, ನೀರು ಇವುಗಳಿಗೆ ಬೇರೆ ಬೇರೆ ಬಣ್ಣ. ಇಲ್ಲಿ ಒಂದು ಕಾಯಿ ಒಬ್ಬ ಸೈನಿಕನಲ್ಲ, ಒಂದು ದಳ. ಇದು ದೊಡ್ಡ ಹೆಜ್ಜೆಯೇ ಸರಿ. ಆದರೂ ಮಣೆ ಮನೆಮನೆಯಾಗಿಯೇ ಉಳಿದದ್ದರಿಂದ ಚದುರಂಗದ ಜಾಡು ಪೂರ್ತಿಯಾಗಿ ತಪ್ಪಲಿಲ್ಲ.

ಮನೆಗಳನ್ನೇ ಅಳಿಸಿಹಾಕಿದವರು ಪ್ರಷ್ಯದ ರೈಸ್‌ವಿಟ್ಸ್ ತಂದೆ ಮಕ್ಕಳು. ತಂದೆ ಸೇನಾಧಿಕಾರಿಯಲ್ಲ, ಬ್ರೆಸ್ಲಾವಿನ ಸರ್ಕಾರಿ ಅಧಿಕಾರಿ. ನಮ್ಮಂತೆ ಕಡತಗಳ ನಡುವೆ ಬದುಕಿದ ಮನುಷ್ಯ ಇಂಥ ಆಟವನ್ನು ಕಟ್ಟಿದನೆಂಬುದು ನಮಗೆ ಸಂತೋಷದ ವಿಷಯ. ೧೮೧೨ರಲ್ಲಿ ಆತ ಖಾನೆಗಳುಳ್ಳ ಒಂದು ದೊಡ್ಡ ಮೇಜನ್ನು ಅರಸ ಮೂರನೆಯ ಫ್ರೆಡರಿಕ್ ವಿಲಿಯಂನಿಗೆ ಒಪ್ಪಿಸಿದ. ಭೂಮಿಯ ಏರುತಗ್ಗುಗಳನ್ನು ತೋರಿಸುವ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಿ ಆಡಬಹುದಾಗಿತ್ತು. ಫಿರಂಗಿದಳದಲ್ಲಿ ಲೆಫ್ಟಿನೆಂಟ್ ಆಗಿದ್ದ ಮಗ ೧೮೨೪ರಲ್ಲಿ ಇದನ್ನು ೧:೮೦೦೦ ಪ್ರಮಾಣದ ನಕ್ಷೆಯ ಮೇಲೆ ಆಡುವಂತೆ ತಿದ್ದಿ ನಿಯಮಗಳ ಪುಸ್ತಕವನ್ನು ಹೊರತಂದ. ಕೆಂಪು ಮತ್ತು ನೀಲಿ ತುಂಡುಗಳು ಎರಡು ಪಕ್ಷದ ದಳಗಳು. ಒಂದು ಸರದಿಯೆಂದರೆ ಯುದ್ಧದ ಎರಡು ನಿಮಿಷ. ಆಟಗಾರರು ತಮ್ಮ ಅಪ್ಪಣೆಯನ್ನು ಕಾಗದದ ಮೇಲೆ ಬರೆದು ಪಂಚನ ಕೈಗೆ ಕೊಡಬೇಕು. ತುಂಡುಗಳನ್ನು ಸರಿಸುವವನು, ದಾಳ ಹಾಕಿ ಸಾವುನೋವಿನ ಲೆಕ್ಕ ಬರೆಯುವವನು ಪಂಚ.

ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಈ ಆಟದಲ್ಲಿ ಎರಡು ಹೊಸ ಸಂಗತಿಗಳಿದ್ದವು. ಒಂದನೆಯದು, ದಳ ಒಂದೇ ಏಟಿಗೆ ಸಾಯುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ಪ್ರತಿಯೊಂದು ದಳಕ್ಕೂ ಇಷ್ಟು ಅಂಕವೆಂದಿತ್ತು. ಗುಂಡೇಟಿಗೆ ಅಂಕ ಕಳೆಯುತ್ತ ಹೋದಂತೆ ದೊಡ್ಡ ತುಂಡನ್ನು ತೆಗೆದು ಅದಕ್ಕೆ ಬದಲು ಸಣ್ಣ ತುಂಡನ್ನಿಡುವ ಏರ್ಪಾಡಿತ್ತು. ಎರಡನೆಯದು, ಅಪ್ಪಣೆ ಮುಟ್ಟಲು ಕಾಲ ಬೇಕು. ಸೇನಾಪತಿ ದೂರದಲ್ಲಿದ್ದರೆ ಸವಾರನು ಚೀಟಿ ಹಿಡಿದು ಹೋಗುವಷ್ಟು ಹೊತ್ತು ದಳ ಕಾಯಬೇಕು. ಸವೆದ ದಳ ಮತ್ತು ತಡವಾಗಿ ಮುಟ್ಟುವ ಅಪ್ಪಣೆ, ಇವೆರಡೂ ಬಂದ ಮೇಲೆ ದಳಗಳನ್ನು ಕೂಡಿಸುವ ಪ್ರಶ್ನೆಗೆ ಮೊದಲ ಬಾರಿಗೆ ಅರ್ಥ ಬಂದಿತು. ಆದರೆ ಉತ್ತರವನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಪಂಚನ ವಿವೇಕ ಕೊಡುತ್ತಿತ್ತು. ೧೮೭೬ರಲ್ಲಿ ಫೆರ್ಡಿ ಡು ವೆರ್ನ್ವಾ ಎಂಬ ಸೇನಾಧಿಕಾರಿ ದಾಳ, ಕೋಷ್ಟಕಗಳನ್ನು ಬದಿಗಿರಿಸಿ ಅನುಭವಸ್ಥ ಪಂಚನ ತೀರ್ಪೇ ಸಾಕೆಂದು ವಾದಿಸಿದಾಗ ಇದು ಇನ್ನಷ್ಟು ನಿಜವಾಯಿತು. ಮಗ ರೈಸ್‌ವಿಟ್ಸ್‌ನ ಬಾಳು ಮಾತ್ರ ಸುಖಾಂತವಾಗಲಿಲ್ಲ. ಸೇನೆಯ ಮುಖ್ಯಾಧಿಕಾರಿ ಮುಫ್ಲಿಂಗ್ ಆಟವನ್ನು ಬಹಳವಾಗಿ ಮೆಚ್ಚಿದರೂ ಅದನ್ನು ರೂಪಿಸಿದವನು ೧೮೨೭ರಲ್ಲಿ ತಾನೇ ಗುಂಡು ಹಾರಿಸಿಕೊಂಡು ಸತ್ತ.

ಸೇನಾಧಿಕಾರಿಗಳ ಈ ಗಂಭೀರ ಅಭ್ಯಾಸವನ್ನು ಮನೆಯ ನೆಲದ ಮೇಲಿನ ವಿನೋದವನ್ನಾಗಿ ಮಾಡಿದವರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ ಪ್ರಮುಖ. ಆತನ 'ಲಿಟ್ಲ್ ವಾರ್ಸ್' ಎಂಬ ಸಣ್ಣ ಪುಸ್ತಕ ೧೯೧೩ರಲ್ಲಿ ಹೊರಬಂದಿತು. ಬ್ರಿಟನ್ಸ್ ಕಂಪನಿಯ ಟೊಳ್ಳು ಸೀಸದ ಸಿಪಾಯಿಗಳು, ಸ್ಪ್ರಿಂಗಿನಿಂದ ಕಡ್ಡಿ ಹಾರಿಸುವ ಆಟಿಕೆ ಫಿರಂಗಿ, ಒಂದು ದಾರ, ಇಷ್ಟಿದ್ದರೆ ಆಟ ಸಿದ್ಧ. ಪದಾತಿ ಒಂದು ಸರದಿಗೆ ಒಂದು ಅಡಿ, ಕುದುರೆಸವಾರ ಎರಡು ಅಡಿ ನಡೆಯಬಹುದು. ಇಲ್ಲಿ ಒಂದು ಗೊಂಬೆಯೆಂದರೆ ಒಬ್ಬನೇ ಸೈನಿಕ.

ವೆಲ್ಸ್ ತುಕಡಿಗಳಿಗೆ ಹೆಸರಿಡಲಿಲ್ಲ. ಆದರೆ 'ಜೊತೆಯಲ್ಲಿರುವುದು' ಎಂದರೇನು ಎಂಬುದನ್ನು ಅಂಗುಲದಲ್ಲಿ ಅಳೆದು ಹೇಳಿದ. ಫಿರಂಗಿ ಕೆಲಸ ಮಾಡಬೇಕಾದರೆ ಅದರ ಆರು ಅಂಗುಲದೊಳಗೆ ತನ್ನ ಪಕ್ಷದ ನಾಲ್ವರಾದರೂ ಇರಬೇಕು. ಮೂವರಾದರೆ ಫಿರಂಗಿ ಮೂಕ. ಹಾಗೆಯೇ ಕೈಕೈ ಕಾಳಗದಲ್ಲಿ ಒಂದು ಗುಂಪು ಸಾಯುವುದೇ ಸೆರೆ ಸಿಕ್ಕುವುದೇ ಎಂಬುದು ಅದರ ಸಮೀಪದಲ್ಲಿ ತನ್ನವರ ಬೆಂಬಲ ಎಷ್ಟಿದೆ ಎಂಬುದನ್ನು ಅವಲಂಬಿಸಿತ್ತು. ಒಂಟಿಯಾದ ಸಣ್ಣ ಗುಂಪಿನಲ್ಲಿ ಉಳಿದವರು ಸೆರೆಯಾಗುತ್ತಿದ್ದರು. ತುಕಡಿಯೆಂಬುದು ಪಟ್ಟಿಯಲ್ಲಿ ಬರೆದ ಹೆಸರಲ್ಲ, ಆ ಗಳಿಗೆಯಲ್ಲಿ ಯಾರು ಯಾರ ಪಕ್ಕದಲ್ಲಿದ್ದಾರೆ ಎಂಬ ದೂರದ ಲೆಕ್ಕ ಎಂದು ಇದರ ತಾತ್ಪರ್ಯ. ಪುಸ್ತಕದ ಕೊನೆಯಲ್ಲಿ ವೆಲ್ಸ್, ಈ ಪುಟ್ಟ ಯುದ್ಧವನ್ನು ಆಡಿನೋಡಿದವನಿಗೆ ನಿಜವಾದ ಮಹಾಯುದ್ಧ ಎಂಥ ಅವಿವೇಕವೆಂದು ತಿಳಿಯುತ್ತದೆ ಎಂಬ ಅಭಿಪ್ರಾಯ ಕೊಟ್ಟಿದ್ದಾನೆ. ಮರುವರ್ಷವೇ ಆ ಮಹಾಯುದ್ಧ ಆರಂಭವಾಯಿತು.

ಎರಡನೆಯ ಮಹಾಯುದ್ಧದ ತರುವಾಯ ಈ ಹವ್ಯಾಸ ಇಂಗ್ಲೆಂಡು, ಅಮೆರಿಕಗಳಲ್ಲಿ ಮತ್ತೆ ಚಿಗುರಿತು. ೧೯೬೨ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ 'ವಾರ್ ಗೇಮ್ಸ್' ಎಂಬ ಪುಸ್ತಕದಿಂದ ಅದು ಮಧ್ಯಮ ವರ್ಗದ ಮನೆಗಳಿಗೆ ಹಬ್ಬಿತು. ಇನ್ನೊಬ್ಬ ಇಂಗ್ಲಿಷ್ ನಿಯಮಕಾರ ಫಿಲ್ ಬಾರ್ಕರ್. ಪ್ರಾಚೀನ ಯುದ್ಧಗಳಿಗಾಗಿ ಈತನೂ ಸಂಗಡಿಗರೂ ೧೯೯೦ರಲ್ಲಿ ಹೊರತಂದ ಚಿಕ್ಕ ಆಟದಲ್ಲಿ ಕೂಡಿಸುವ ಪ್ರಶ್ನೆಗೆ ಬಹು ಚೆಲುವಾದ ಉತ್ತರವಿದೆ. ಪ್ರತಿ ಪಕ್ಷಕ್ಕೂ ಹನ್ನೆರಡೇ ಘಟಕಗಳು. ಸರದಿಯ ಆರಂಭದಲ್ಲಿ ಒಂದು ದಾಳ ಹಾಕಬೇಕು. ಬಿದ್ದ ಅಂಕವೆಷ್ಟೋ ಅಷ್ಟು ಅಪ್ಪಣೆಗಳು. ಒಂಟಿ ಘಟಕವನ್ನು ನಡೆಸಲು ಒಂದು ಅಪ್ಪಣೆ ಬೇಕು. ಆದರೆ ಒಂದಕ್ಕೊಂದು ತಾಗಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತ ಆರು ಘಟಕಗಳಿದ್ದರೂ ಅವು ಗುಂಪೆನಿಸಿ ಒಂದೇ ಅಪ್ಪಣೆಯಲ್ಲಿ ನಡೆಯುತ್ತವೆ. ದಾಳದಲ್ಲಿ ಒಂದು ಬಿದ್ದ ದಿನ ಕೂಡಿ ನಿಂತವನು ಬದುಕುತ್ತಾನೆ, ಚದುರಿದವನು ಕೆಡುತ್ತಾನೆ. ಕಾಳಗ ಹತ್ತಿದಾಗ ಮಾತ್ರ ಪ್ರತಿ ಘಟಕವೂ ತನ್ನ ಎದುರಾಳಿಯೊಡನೆ ಬೇರೆಯಾಗಿಯೇ ಸೆಣಸಬೇಕು. ಇಲ್ಲಿ ಅಪ್ಪಣೆ ಒಂದು, ಸಾವು ಬೇರೆ ಬೇರೆ. ಕೂಡುವುದಕ್ಕೂ ಅಗಲುವುದಕ್ಕೂ ಯಾರ ಅನುಮತಿಯೂ ಬೇಕಿಲ್ಲ.

ಇನ್ನು ನಮ್ಮ ಶೀರ್ಷಿಕೆಯ ನಿಯಮಕ್ಕೆ ಬರೋಣ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಷಾಪ್ ಕಂಪನಿಯವರು ೧೯೮೩ರಲ್ಲಿ 'ವಾರ್‌ಹ್ಯಾಮರ್' ಎಂಬ ಆಟವನ್ನೂ, ೧೯೮೭ರಲ್ಲಿ ಬಹುದೂರದ ಭವಿಷ್ಯತ್ತಿನ ಕಲ್ಪನೆಯ ಮೇಲೆ 'ವಾರ್‌ಹ್ಯಾಮರ್ ೪೦,೦೦೦' ಎಂಬ ಆಟವನ್ನೂ ಹೊರಡಿಸಿದರು. ಎರಡನೆಯದರಲ್ಲಿ 'ಇಂಪೀರಿಯಲ್ ಗಾರ್ಡ್' ಎಂಬ ಸೇನೆಯೊಂದಿದೆ. ಇತರ ಸೇನೆಗಳಲ್ಲಿ ಅತಿಮಾನುಷ ಯೋಧರು, ರಾಕ್ಷಸರು. ಇದರಲ್ಲಿ ನಮ್ಮ ನಿಮ್ಮಂಥ ಸಾಧಾರಣ ಮನುಷ್ಯರು. ಒಬ್ಬೊಬ್ಬನೂ ದುರ್ಬಲ, ಆದರೆ ಸಂಖ್ಯೆಯಲ್ಲಿ ಬಲ. ಹತ್ತು ಜನರದು ಒಂದು ತುಕಡಿ, ಎರಡರಿಂದ ಐದು ತುಕಡಿಗಳು ಒಂದು ಪ್ಲಟೂನಿನಲ್ಲಿ ಇರುತ್ತಿದ್ದವು. ೨೦೦೯ರ ನಿಯಮಪುಸ್ತಕ ಈ ಸೇನೆಗೆ ಒಂದು ಸೌಲಭ್ಯ ಕೊಟ್ಟಿತು. ಒಂದೇ ಪ್ಲಟೂನಿನ ಪದಾತಿ ತುಕಡಿಗಳನ್ನು ರಣರಂಗದಲ್ಲಿ ನಿಲ್ಲಿಸುವಾಗ ಕೂಡಿಸಿ ಇಪ್ಪತ್ತು, ಮೂವತ್ತು, ಹೆಚ್ಚೆಂದರೆ ಐವತ್ತು ಜನರ ಒಂದೇ ತುಕಡಿ ಮಾಡಬಹುದಾಗಿತ್ತು. ಆದರೆ ಒಮ್ಮೆ ಕೂಡಿಸಿದರೆ ಆಟ ಮುಗಿಯುವವರೆಗೂ ಅದು ಒಂದೇ. ಮಧ್ಯೆ ಬೇರ್ಪಡಿಸುವಂತಿರಲಿಲ್ಲ.

ಇದರ ಲಾಭನಷ್ಟಗಳನ್ನು ಮೂರು ಪ್ರಶ್ನೆಗಳ ಕ್ರಮದಲ್ಲಿಯೇ ನೋಡೋಣ. ಅಪ್ಪಣೆಯ ಮಟ್ಟಿಗೆ, ಅಧಿಕಾರಿಯ ಒಂದು ಆದೇಶ ಹತ್ತು ಜನಕ್ಕೆ ಮುಟ್ಟುವ ಬದಲು ಐವತ್ತು ಜನಕ್ಕೂ ಮುಟ್ಟುತ್ತದೆ. ಆದರೆ ಐವತ್ತು ಬಂದೂಕುಗಳೂ ಒಂದೇ ಗುರಿಯ ಮೇಲೆ ಹಾರಬೇಕು. ಎದುರಿಗೆ ಐದು ಶತ್ರುಗಳಿದ್ದರೂ ಐದು ಕಡೆಗೆ ಹಂಚಲು ಬಾರದು. ಎಣಿಕೆಯ ಮಟ್ಟಿಗೆ, ನಾಶವಾದ ಪ್ರತಿಯೊಂದು ತುಕಡಿಗೆ ಎದುರಾಳಿಗೆ ಒಂದು ಅಂಕವೆಂಬ ಪಂದ್ಯದಲ್ಲಿ ಐದು ತುಕಡಿ ಬೇರೆಯಾಗಿದ್ದರೆ ಐದು ಅಂಕ ಹೋಗುತ್ತದೆ, ಕೂಡಿದ್ದರೆ ಒಂದೇ ಅಂಕ. ಸತ್ತವರ ಸಂಖ್ಯೆ ಎರಡರಲ್ಲೂ ಐವತ್ತೇ!

ಅಂಜಿಕೆಯ ಲೆಕ್ಕ ಇವೆರಡಕ್ಕಿಂತ ಸ್ವಾರಸ್ಯವಾದುದು. ಒಂದು ಸುತ್ತಿನ ಗುಂಡಿನ ದಾಳಿಯಲ್ಲಿ ತುಕಡಿಯ ಕಾಲುಭಾಗದಷ್ಟು ಜನ ಬಿದ್ದರೆ ಧೈರ್ಯಪರೀಕ್ಷೆ ನಡೆಯಬೇಕೆಂದು ಆಗಿನ ನಿಯಮ. ಹತ್ತು ಜನರ ತುಕಡಿಯಲ್ಲಿ ಮೂವರು ಬಿದ್ದರೆ ಪರೀಕ್ಷೆ. ಇಪ್ಪತ್ತರ ತುಕಡಿಯಲ್ಲಿ ಐವರು ಬೀಳಬೇಕು, ಐವತ್ತರದರಲ್ಲಿ ಹದಿಮೂವರು. ಅಂದರೆ ಕೂಡಿದ ತುಕಡಿ ಸಣ್ಣಪುಟ್ಟ ಏಟಿಗೆ ಅಲುಗಾಡುವುದಿಲ್ಲ. ಪರೀಕ್ಷೆ ಬಂದಾಗ ಎರಡು ದಾಳ ಹಾಕಿ, ಮೊತ್ತ ಸಾರ್ಜೆಂಟನ ಧೈರ್ಯಾಂಕವಾದ ಎಂಟನ್ನು ಮೀರದಿದ್ದರೆ ತುಕಡಿ ನಿಲ್ಲುತ್ತದೆ. ಮೀರಿದರೆ ಇಡೀ ತುಕಡಿ ಓಡುತ್ತದೆ. ಎರಡು ದಾಳಗಳು ಬೀಳುವ ಬಗೆ ಮೂವತ್ತಾರು. ಅವುಗಳಲ್ಲಿ ಎಂಟನ್ನು ಮೀರುವವು ಹತ್ತು. ಹಾಗಾಗಿ ಓಡುವ ಸಂಭವ ನೂರಕ್ಕೆ ಸುಮಾರು ಇಪ್ಪತ್ತೆಂಟು.

ಈಗ ಎರಡು ತುಕಡಿಗಳಲ್ಲೂ ಮೂವರು ಮೂವರು ಬಿದ್ದು ಏಳೇಳು ಜನ ಉಳಿದರೆಂದು ಇಟ್ಟುಕೊಳ್ಳಿ. ಬೇರೆ ಬೇರೆಯಾಗಿದ್ದರೆ ಎರಡು ಪರೀಕ್ಷೆ. ಅವುಗಳಲ್ಲಿ ಒಂದಾದರೂ ಓಡುವ ಸಂಭವ ನೂರಕ್ಕೆ ನಲವತ್ತೆಂಟು, ಎರಡೂ ಓಡುವ ಸಂಭವ ನೂರಕ್ಕೆ ಎಂಟು ಮಾತ್ರ. ಕೂಡಿದ್ದರೆ ಒಂದೇ ಪರೀಕ್ಷೆ. ಹದಿನಾಲ್ವರೂ ಒಟ್ಟಿಗೆ ಓಡುವ ಸಂಭವ ನೂರಕ್ಕೆ ಇಪ್ಪತ್ತೆಂಟು. ಸರಾಸರಿ ಲೆಕ್ಕ ಹಾಕಿದರೆ ಎರಡು ಕಡೆಯಲ್ಲೂ ಓಡಿಹೋಗುವವರು ನಾಲ್ಕಕ್ಕೆ ಸ್ವಲ್ಪ ಕಡಿಮೆ. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಕೂಡಿಸುವುದರಿಂದ ಅಪಾಯ ಕಡಿಮೆಯಾಗಲಿಲ್ಲ, ಅದರ ರೂಪ ಬದಲಾಯಿತು ಅಷ್ಟೆ. ಆಗಾಗ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುವ ಬದಲು ಅಪರೂಪಕ್ಕೊಮ್ಮೆ ಎಲ್ಲವನ್ನೂ ಕಳೆದುಕೊಳ್ಳುವ ಏರ್ಪಾಡು. ಪರೀಕ್ಷೆಯೇ ಕಡಿಮೆ ಬರುವುದೊಂದು, ಒಬ್ಬ ಸಾರ್ಜೆಂಟ್ ಸತ್ತರೆ ಇನ್ನೊಬ್ಬನಿರುವುದೊಂದು, ಇವೆರಡೇ ಕೂಡಿದವರಿಗೆ ಸಿಕ್ಕುವ ನಿಜವಾದ ಧೈರ್ಯ.

ಆಟ ಆರಂಭವಾಗುವ ಮೊದಲೇ ಕೂಡಿಸುವುದು ಸುಲಭ. ಕಷ್ಟ ಬರುವುದು ನಡುವೆ ಕೂಡಿಸುವಾಗ. ಅದೇ ಆಟದ ೨೦೧೭ರ ಆವೃತ್ತಿಯಲ್ಲಿ ಒಂದು ವಿಶೇಷ ಅಂಕವನ್ನು ತೆತ್ತು, ಎರಡು ಅಂಗುಲದೊಳಗಿರುವ ಎರಡು ಪದಾತಿ ತುಕಡಿಗಳನ್ನು ಆಟದ ಮಧ್ಯದಲ್ಲಿಯೇ ಒಂದು ಮಾಡಬಹುದಾಗಿತ್ತು. ಸವೆದ ತುಕಡಿಗಳಿಗೆ ಇದು ವರವೇ. ಆದರೆ ಕಾರಕೂನನ ಕಣ್ಣಿಗೆ ಹತ್ತಾರು ತೊಡಕುಗಳು ಕಾಣುತ್ತವೆ. ಒಂದು ತುಕಡಿ ಈಗಾಗಲೇ ಓಡಿ ದಣಿದಿದ್ದು ಇನ್ನೊಂದು ನಿಂತಲ್ಲೇ ನಿಂತಿದ್ದರೆ ಕೂಡಿದ ತುಕಡಿ ಗುಂಡು ಹಾರಿಸಬಹುದೇ? ಅರ್ಧ ಸವೆಯಿತೆಂದು ಲೆಕ್ಕ ಹಾಕುವಾಗ ಮೂಲದ ಇಪ್ಪತ್ತನ್ನು ಹಿಡಿಯಬೇಕೇ, ಕೂಡಿದಾಗ ಇದ್ದ ಹನ್ನೊಂದನ್ನು ಹಿಡಿಯಬೇಕೇ? ಒಂದಕ್ಕೆ ಕೊಟ್ಟ ಆದೇಶ ಇನ್ನೊಂದಕ್ಕೂ ಸಲ್ಲುವುದೇ? ನಮಗೆ ತೋರುವ ನ್ಯಾಯ ಇಷ್ಟು: ದಣಿವು, ಗಾಯ, ಭಯಗಳಲ್ಲಿ ಇಬ್ಬರಲ್ಲಿ ಕೆಟ್ಟ ಸ್ಥಿತಿಯಲ್ಲಿರುವವರದು ಇಬ್ಬರಿಗೂ ಅನ್ವಯಿಸಬೇಕು. ಆದೇಶ ಕೂಡಿದ ಮೇಲೆ ಕೊಟ್ಟದ್ದಾಗಿರಬೇಕು. ಓಡುತ್ತಿರುವ ತುಕಡಿಗೆ ಕೂಡುವ ಹಕ್ಕಿರಬಾರದು. ಇವನ್ನು ಆಟದ ಮೊದಲೇ ಇಬ್ಬರೂ ಒಪ್ಪಿ ಬರೆದಿಟ್ಟುಕೊಂಡರೆ ಜಗಳಕ್ಕೆ ಆಸ್ಪದವಿಲ್ಲ. ಕಚೇರಿಯಲ್ಲಿ ಎರಡು ಸೆಕ್ಷನ್‌ಗಳನ್ನು ಒಂದು ಮಾಡುವ ಆದೇಶ ಬಂದಾಗ ಬಾಕಿ ಕಡತ ಯಾರದು, ಸೀನಿಯಾರಿಟಿ ಪಟ್ಟಿಯಲ್ಲಿ ಯಾರು ಮೇಲೆ, ಎರಡು ಹಾಜರಿ ಪುಸ್ತಕಗಳಲ್ಲಿ ಯಾವುದು ಮುಂದುವರಿಯಬೇಕು ಎಂಬ ಪ್ರಶ್ನೆಗಳು ಏಳುವುದನ್ನು ಕಂಡವರಿಗೆ ಇದೇನೂ ಹೊಸತಲ್ಲ.

ಇಷ್ಟೆಲ್ಲ ನಿಯಮಗಳನ್ನು ನೋಡಿದ ಮೇಲೆ ಅವುಗಳಲ್ಲಿ ಒಂದು ಕೊರತೆ ನಮಗೆ ಕಾಣುತ್ತದೆ. ಅಪ್ಪಣೆ, ಅಂಜಿಕೆ, ಎಣಿಕೆ ಮೂರಕ್ಕೂ ಉತ್ತರ ಸಿಕ್ಕಿತು. ನಾಲ್ಕನೆಯದೊಂದಿದೆ, ಅದು ಹೆಸರು. ಕೂಡಿದ ತುಕಡಿ ಯಾರ ಹೆಸರಿನಲ್ಲಿ ಬಾಳಬೇಕು? ಹಳೆಯ ಹೆಸರಿನ ಕೀರ್ತಿ ಎಲ್ಲಿಗೆ ಹೋಗಬೇಕು? ಸೀಸದ ಗೊಂಬೆಗೆ ಈ ಚಿಂತೆಯಿಲ್ಲ. ನಿಜವಾದ ಸೈನಿಕನಿಗೆ ಅದೇ ದೊಡ್ಡ ಚಿಂತೆ. ಇದಕ್ಕೆ ಉದಾಹರಣೆಯನ್ನು ಹುಡುಕಲು ನಾವು ಕನ್ನಡಿಗರು ದೂರ ಹೋಗಬೇಕಾಗಿಲ್ಲ.

೧೯೧೪ರಲ್ಲಿ, ಅಂದರೆ ವೆಲ್ಸನ ಪುಸ್ತಕ ಬಂದ ಮರುವರ್ಷ, ಮೈಸೂರು ಸಂಸ್ಥಾನದ ಕುದುರೆ ದಳವಾದ ಮೈಸೂರ್ ಲ್ಯಾನ್ಸರ್ಸ್ ಈಜಿಪ್ಟಿಗೆ ಹೊರಟಿತು. ಅಲ್ಲಿ ಮೈಸೂರು, ಹೈದರಾಬಾದು, ಪಟಿಯಾಲಗಳ ದಳಗಳನ್ನೂ ಇತರ ಕೆಲವು ಸಂಸ್ಥಾನಗಳ ಸಣ್ಣ ತುಕಡಿಗಳನ್ನೂ ಕೂಡಿಸಿ ೧೫ನೆಯ ಅಶ್ವ ಬ್ರಿಗೇಡನ್ನು ಕಟ್ಟಲಾಯಿತು. ೧೯೧೮ರಲ್ಲಿ ಜೋಧಪುರದ ದಳವೂ ಸೇರಿತು. ಭಾಷೆ ಬೇರೆ, ಅರಸರು ಬೇರೆ, ಬ್ರಿಗೇಡಿನ ಅಪ್ಪಣೆ ಒಂದು. ೧೯೧೮ರ ಸೆಪ್ಟೆಂಬರ್ ೨೩ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮೇಲೆ ದಾಳಿ ನಡೆದಾಗ ಮೈಸೂರಿನ ಸವಾರರ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟವನ್ನು ಹತ್ತಿ ಮೇಲಿದ್ದ ಫಿರಂಗಿಗಳತ್ತ ನಡೆಯಿತು. ಜೋಧಪುರದವರು ಕೆಳಗೆ ಬೆಟ್ಟಕ್ಕೂ ಕಿಶೋನ್ ಹೊಳೆಗೂ ನಡುವಣ ಇಕ್ಕಟ್ಟಿನ ದಾರಿಯಲ್ಲಿ ಪಟ್ಟಣಕ್ಕೆ ನುಗ್ಗಿದರು. ಬಾರ್ಕರನ ಆಟದ ಮಾತಿನಲ್ಲಿ ಹೇಳುವುದಾದರೆ ಅಪ್ಪಣೆ ಒಂದು, ಕಾಳಗ ಬೇರೆ ಬೇರೆ. ಸಂಜೆಯೊಳಗೆ ಹೈಫಾ ಕೈವಶವಾಯಿತು.

ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಸೇನೆಗಳು ಭಾರತದ ಸೇನೆಯಲ್ಲಿ ವಿಲೀನವಾದವು. ೧೯೫೩ರಲ್ಲಿ ಗ್ವಾಲಿಯರ್, ಜೋಧಪುರ, ಜಯಪುರ, ಮೈಸೂರು ಮುಂತಾದ ಸಂಸ್ಥಾನಗಳ ಕುದುರೆ ದಳಗಳಲ್ಲಿ ಉಳಿದವನ್ನು ಕೂಡಿಸಿ ಒಂದೇ ರೆಜಿಮೆಂಟ್ ಮಾಡಲಾಯಿತು. ಅದೇ ಇಂದಿನ ೬೧ನೆಯ ಕ್ಯಾವಲ್ರಿ. ಮೈಸೂರ್ ಲ್ಯಾನ್ಸರ್ಸ್ ಎಂಬ ಹೆಸರು ಪಟ್ಟಿಯಿಂದ ಅಳಿಯಿತು, ಒಂದು ಸಂಖ್ಯೆ ಉಳಿಯಿತು. ಆದರೆ ಹೆಸರಿನ ಜೊತೆ ಕೀರ್ತಿ ಅಳಿಯದಂತೆ ಸೇನೆಯಲ್ಲಿ ಒಂದು ಸಂಪ್ರದಾಯವಿದೆ. ಕೂಡಿದ ರೆಜಿಮೆಂಟು ತನ್ನಲ್ಲಿ ಸೇರಿದ ದಳಗಳ ಯುದ್ಧಗೌರವಗಳಿಗೆ ವಾರಸುದಾರ. ಆದ್ದರಿಂದಲೇ ಆ ರೆಜಿಮೆಂಟು ಪ್ರತಿ ಸೆಪ್ಟೆಂಬರ್ ೨೩ರಂದು ಹೈಫಾ ದಿನವನ್ನು ಆಚರಿಸುತ್ತದೆ. ಆ ರೆಜಿಮೆಂಟಿನ ಸವಾರನು ಕನ್ನಡಿಗನೇ ಆಗಿರಬೇಕೆಂದಿಲ್ಲ, ಆದರೂ ಕಾರ್ಮೆಲ್ ಬೆಟ್ಟ ಹತ್ತಿದ ಮೈಸೂರಿನವನ ನೆನಪು ಆತನ ಪಾಲಿನ ಆಸ್ತಿಯಾಗಿದೆ.

ಮೇಜಿನ ಮೇಲೆ ಆಡುವ ತರುಣರಿಗೆ ನಮ್ಮದೊಂದು ಸೂಚನೆ. ಎರಡು ತುಕಡಿಗಳನ್ನು ಕೂಡಿಸುವಾಗ ಅಪ್ಪಣೆ, ಅಂಜಿಕೆ, ಎಣಿಕೆಗಳನ್ನು ಪುಸ್ತಕದಂತೆ ನಡೆಸಲಿ. ಕಾಗದದ ಮೇಲೆ ಹಳೆಯ ತುಕಡಿಗಳ ಹೆಸರನ್ನು ಮಾತ್ರ ಹೊಡೆದುಹಾಕದಿರಲಿ. ಯಾವ ತುಕಡಿಯವನು ಎಲ್ಲಿ ಬಿದ್ದನೆಂಬುದನ್ನು ಪಕ್ಕದಲ್ಲಿ ಬರೆದಿಡಲು ಒಂದು ಸಾಲಿನ ಜಾಗ ಸಾಕು. ಇನ್ನು ದೆಹಲಿಯಲ್ಲಿರುವ ನಮ್ಮ ಸಂಘದ ಬಂಧುಗಳು ತೀನ್ ಮೂರ್ತಿ ವೃತ್ತವನ್ನು ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿರಬಹುದು. ೧೯೨೨ರಲ್ಲಿ ನಿಲ್ಲಿಸಿದ, ಈಟಿ ಹಿಡಿದ ಆ ಮೂವರು ಸೈನಿಕರು ಹೈದರಾಬಾದು, ಜೋಧಪುರ, ಮೈಸೂರುಗಳ ಸವಾರರು. ೨೦೧೮ರಿಂದ ಆ ವೃತ್ತದ ಹೆಸರಿನಲ್ಲಿ ಹೈಫಾ ಎಂಬ ಮಾತೂ ಸೇರಿದೆ. ಮುಂದಿನ ಸಲ ಹಾದುಹೋಗುವಾಗ ಮಕ್ಕಳಿಗೆ ಮೈಸೂರಿನವನನ್ನು ತೋರಿಸಿ, ಅವನ ದಳ ಯಾವುದು, ಅದು ಈಗ ಯಾವ ರೆಜಿಮೆಂಟಿನಲ್ಲಿ ಸೇರಿದೆ ಎಂಬುದನ್ನು ಹೇಳಬೇಕೆಂದು ನಮ್ಮ ಕೋರಿಕೆ.